ಇತರೆ ಎಂಬ ಅಟ್ಟ

ಪಟ್ಟಿ ಮಾಡುವವರಿಗೆ ಒಂದು ಹಳೆಯ ಕಾಯಿಲೆಯಿದೆ. ಒಂದು ವಸ್ತು ಒಂದೇ ಕೆಲಸ ಮಾಡಬೇಕು, ಅದಕ್ಕೆ ಒಂದೇ ಹೆಸರಿರಬೇಕು, ಅದು ಒಂದೇ ಕಾಲಮ್ಮಿನಲ್ಲಿ ಅಚ್ಚುಕಟ್ಟಾಗಿ ಕೂರಬೇಕು ಎಂದು ಅವರು ಬಯಸುತ್ತಾರೆ. ಲೋಕ ಹಾಗಿಲ್ಲವಲ್ಲ! ನಮ್ಮ ಅಡಿಗೆಮನೆಯ ಈಳಿಗೆಮಣೆಯನ್ನೇ ನೋಡಿ. ಅಲಗಿನಲ್ಲಿ ತರಕಾರಿ ಹೆಚ್ಚುತ್ತೇವೆ, ತುದಿಯ ಹಲ್ಲಿನಲ್ಲಿ ಕಾಯಿ ತುರಿಯುತ್ತೇವೆ, ಅದೇ ಮಣೆಯ ಮೇಲೆ ಕೂರುತ್ತೇವೆ. ಅದು ಕತ್ತಿಯೋ, ತುರಿಮಣೆಯೋ, ಕೂರುವ ಮಣೆಯೋ? ನಮ್ಮಲ್ಲಿ ಯಾವ ಹೆಂಗಸಿಗೂ ಈ ಪ್ರಶ್ನೆ ಹುಟ್ಟುವುದಿಲ್ಲ. ಮೂರೂ ಹೌದು ಎಂದು ಹೇಳಿ ಕೆಲಸ ಮುಂದುವರಿಸುತ್ತಾಳೆ. ಪ್ರಶ್ನೆ ಹುಟ್ಟುವುದು ಪಟ್ಟಿ ಹಿಡಿದು ಬಂದವನಿಗೆ. ಅವನ ಬಳಿ ಮೂರು ಬೇರೆ ಬೇರೆ ಕಾಲಮ್ಮುಗಳಿವೆ, ಈಳಿಗೆಮಣೆ ಒಂದೇ ಇದೆ. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು ಕೊನೆಗೆ ಅವನು ಬರೆಯುವ ಶಬ್ದ ಒಂದೇ: ಇತರೆ.

ನನ್ನ ಜಗಳ ಈ ಶಬ್ದದ ಜೊತೆಗೆ. ಕೇಳಲಿಕ್ಕೆ ಅದು ಬಹಳ ಸಾಧು ಶಬ್ದ. ಯಾರನ್ನೂ ಬೈಯುವುದಿಲ್ಲ, ಯಾರನ್ನೂ ಹೊರಗೆ ಹಾಕುವುದಿಲ್ಲ. ಆದರೆ ನಮ್ಮ ಶಿರಸಿ ಸೀಮೆಯ ಮನೆಗಳಲ್ಲಿ ಹುಟ್ಟಿ ಬೆಳೆದವರಿಗೆ ಅಟ್ಟ ಎಂದರೇನು ಎಂದು ಗೊತ್ತಿದೆ. ಎಲ್ಲಿ ಇಡಬೇಕೆಂದು ತಿಳಿಯದ ಸಾಮಾನೆಲ್ಲ ಅಟ್ಟ ಸೇರುತ್ತದೆ. ಅಟ್ಟಕ್ಕೆ ಹೋದದ್ದು ಮನೆಯೊಳಗೇ ಇರುತ್ತದೆ, ಆದರೆ ಯಾರ ಲೆಕ್ಕದಲ್ಲಿಯೂ ಇರುವುದಿಲ್ಲ. ‘ಇತರೆ’ ಎಂಬುದು ಸರ್ಕಾರಿ ಕಾಗದದ ಅಟ್ಟ. ಅಲ್ಲಿಗೆ ಏರಿಸಿದ ಮೇಲೆ ಇಳಿಸುವವರಿಲ್ಲ.

ಈ ಮಾತನ್ನು ನಾನು ಇಷ್ಟು ಖಾರವಾಗಿ ಹೇಳಲು ಒಂದು ಕಾರಣವಿದೆ. ಬಹುಕೆಲಸದ ವಸ್ತುವನ್ನು ಪಟ್ಟಿಯಲ್ಲಿ ಹೇಗೆ ಬರೆಯಬೇಕು ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ ಎಂದು ನಾನೂ ಬಹುಕಾಲ ಕೇಳಿಕೊಂಡು ಬಂದೆ. ಉತ್ತರ ಇದೆ. ಅದನ್ನು ಹುಡುಕಿದವರು ಸಮಾಜಶಾಸ್ತ್ರದ ಪಂಡಿತರಲ್ಲ, ಕಂಪ್ಯೂಟರಿನವರು. ಬೆಂಗಳೂರಿನಲ್ಲಿ ಅದೇ ಕೆಲಸದಲ್ಲಿರುವ ನನ್ನ ತಂಗಿಯ ಮಗಳು ರಜೆಗೆ ಬಂದಾಗ, ‘ನೀನು ದಿನವಿಡೀ ಅಲ್ಲಿ ಏನು ಬರೆಯುತ್ತೀಯೇ?’ ಎಂದು ಕೇಳಿದೆ. ‘ದೊಡ್ಡಮ್ಮಾ, ಯಾವ ಚಿಪ್ಪು ಯಾವ ಕಪಾಟಿಗೆ ಎಂದು ಬರೆಯುತ್ತೇನೆ’ ಎಂದಳು. ಆಕೆ ವಿವರಿಸಿದ್ದನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಹೇಳುತ್ತೇನೆ. ಬಿ.ಎ., ಬಿ.ಎಡ್. ಓದಿದವಳಿಗೆ ಅರ್ಥವಾದದ್ದು ನಿಮಗೂ ಆಗುತ್ತದೆ.

ಕಂಪ್ಯೂಟರಿನಲ್ಲಾಗಲಿ, ನಮ್ಮ ಕೈಯ ಮೊಬೈಲಿನಲ್ಲಾಗಲಿ, ಒಳಗಿನ ಬಿಡಿಭಾಗಗಳನ್ನೆಲ್ಲ ನಡೆಸುವ ಒಂದು ಮೂಲ ತಂತ್ರಾಂಶವಿದೆ. ಅದರ ತಿರುಳಿಗೆ ಕರ್ನಲ್ ಎನ್ನುತ್ತಾರೆ. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಶುರುಮಾಡಿದ ಲಿನಕ್ಸ್ ಎಂಬ ಕರ್ನಲ್ ಇಂದು ಎಲ್ಲ ಆಂಡ್ರಾಯ್ಡ್ ಫೋನುಗಳ ಒಳಗೂ ಇದೆ. ಲೋಕದ ಸಾವಿರಾರು ಜನ ಕೂಡಿ ಅದನ್ನು ಬರೆಯುತ್ತಾರೆ. ಇಷ್ಟು ಜನ ಸೇರಿದ ಮೇಲೆ ಅಚ್ಚುಕಟ್ಟು ಬೇಕು. ಆದ್ದರಿಂದ ಒಂದೊಂದು ಬಗೆಯ ಬಿಡಿಭಾಗಕ್ಕೆ ಒಂದೊಂದು ಕಪಾಟು: ಗಡಿಯಾರಗಳಿಗೆ ಒಂದು, ವಿದ್ಯುತ್ತನ್ನು ಅಳೆದು ಹಂಚುವ ಭಾಗಗಳಿಗೆ ಒಂದು, ಕೀಲಿಮಣೆಗಳಿಗೆ ಒಂದು, ಧ್ವನಿಗೆ ಒಂದು. ಪ್ರತಿ ಕಪಾಟಿಗೂ ಒಬ್ಬ ಯಜಮಾನ, ಪ್ರತಿ ಭಾಗಕ್ಕೂ ಒಂದು ವಿವರಣೆಯ ಕಾಗದ.

ಈಗ ತೊಡಕು ಬಂತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಎಂಬ ಕಂಪನಿ ಟಿ.ಡಬ್ಲ್ಯೂ.ಎಲ್. 4030 ಎಂಬ ಚಿಪ್ಪನ್ನು ಮಾಡಿತು. ಉಗುರಿನಷ್ಟು ವಸ್ತು. ಅದು ವಿದ್ಯುತ್ ಹಂಚುತ್ತದೆ, ಗಡಿಯಾರ ನಡೆಸುತ್ತದೆ, ಧ್ವನಿ ನೋಡಿಕೊಳ್ಳುತ್ತದೆ, ಗುಂಡಿ ಒತ್ತಿದ್ದನ್ನು ತಿಳಿಯುತ್ತದೆ, ಯು.ಎಸ್.ಬಿ. ತಂತಿಯನ್ನೂ ವಿಚಾರಿಸುತ್ತದೆ. ಇದು ಯಾವ ಕಪಾಟಿಗೆ? ಈಳಿಗೆಮಣೆಯ ಪ್ರಶ್ನೆಯೇ ಅಲ್ಲವೆ?

ಅವರು ‘ಇತರೆ’ ಎಂದು ಬರೆದು ಕೈ ತೊಳೆದುಕೊಳ್ಳಲಿಲ್ಲ. ಬಹುಕಾರ್ಯ ಸಾಧನ ಎಂದು ಒಂದು ಕಪಾಟು ಮಾಡಿದರು. ಎಂ.ಎಫ್.ಡಿ. ಎಂದು ಅದಕ್ಕೆ ಹೆಸರು. ಆದರೆ ಸ್ವಾರಸ್ಯವಿರುವುದು ಆ ಕಪಾಟಿನ ನಿಯಮದಲ್ಲಿ. ಅಲ್ಲಿ ಕೂರುವುದು ತಾಯಿ ಮಾತ್ರ, ಅಂದರೆ ಚಿಪ್ಪಿನ ಎಲ್ಲ ಭಾಗಗಳಿಗೂ ಸಮಾನವಾದ ಮೂಲ. ಅವಳ ಮಕ್ಕಳು, ಅಂದರೆ ಒಂದೊಂದು ಕೆಲಸ, ಅವರವರ ಕಪಾಟಿಗೇ ಹೋಗಬೇಕು. ಗಡಿಯಾರದ ಕೆಲಸ ಗಡಿಯಾರಗಳ ಸಾಲಿನಲ್ಲಿ ಉಳಿದ ಗಡಿಯಾರಗಳ ಜೊತೆ ಸರಿಸಮನಾಗಿ ನಿಲ್ಲುತ್ತದೆ. ವಿದ್ಯುತ್ ಹಂಚುವ ಕೆಲಸ ಅದರ ಸಾಲಿನಲ್ಲಿ. ಎಲ್ಲಿಯೂ ಸಿಗದ್ದನ್ನೆಲ್ಲ ತಂದು ಈ ಕಪಾಟಿಗೆ ತುರುಕಲು ಬಂದರೆ ಅದರ ಯಜಮಾನರು ಹಿಂದಕ್ಕೆ ಕಳಿಸುತ್ತಾರೆ. ಇದು ಅಟ್ಟವಲ್ಲ ಎಂಬುದು ಅವರ ಖಡಾಖಂಡಿತ ಮಾತು.

ಇದಕ್ಕೂ ಹಳೆಯ ಪದ್ಧತಿಗಳಿವೆಯಂತೆ. ಕಂಪ್ಯೂಟರಿನ ಒಳಗೆ ಸಿಕ್ಕಿಸುವ ಪಿ.ಸಿ.ಐ. ಎಂಬ ಜಾತಿಯ ಒಂದು ಕಾರ್ಡು 8 ಕೆಲಸಗಳವರೆಗೆ ಮಾಡಬಹುದು. ಅವುಗಳಿಗೆ 0ಯಿಂದ 7ರ ತನಕ ಸಂಖ್ಯೆ, ಪ್ರತಿಯೊಂದಕ್ಕೂ ಪ್ರತ್ಯೇಕ ವರ್ಗಸಂಕೇತ. ಮೊದಲನೆಯದರಲ್ಲಿ ಒಂದು ಗುರುತಿರುತ್ತದೆ: ‘ನಾನೊಬ್ಬನೇ ಅಲ್ಲ, ಉಳಿದವರನ್ನೂ ವಿಚಾರಿಸು’ ಎಂಬ ಗುರುತು. ಯು.ಎಸ್.ಬಿ.ಯಲ್ಲಿ ಇನ್ನೂ ಚೆಂದ. ಮುದ್ರಣ, ಝೆರಾಕ್ಸು, ಸ್ಕ್ಯಾನು ಮೂರನ್ನೂ ಮಾಡುವ ಯಂತ್ರ ಈಗ ಎಲ್ಲ ಪೇಟೆಗಳ ಅಂಗಡಿಯಲ್ಲಿದೆಯಷ್ಟೆ. ಇಂಥ ಸಾಧನ ತನ್ನ ಮುಖ್ಯ ವರ್ಗದ ಜಾಗದಲ್ಲಿ ಸೊನ್ನೆ ಇಡಬಹುದು. ಆ ಸೊನ್ನೆಗೆ ‘ಏನೂ ಇಲ್ಲ’ ಎಂದು ಅರ್ಥವಲ್ಲ. ‘ನನ್ನನ್ನು ಒಟ್ಟಾಗಿ ಕೇಳಬೇಡ, ನನ್ನ ಒಂದೊಂದು ಭಾಗವನ್ನೂ ಕೇಳು’ ಎಂದು ಅರ್ಥ. ಸೊನ್ನೆಗೂ ಇಷ್ಟು ಮರ್ಯಾದೆ!

ವಿವರಣೆಯ ಕಾಗದ ಬರೆಯುವವರಿಗೆ ಅವರು ಹಾಕಿಕೊಂಡ ಕಟ್ಟಳೆಗಳು ನನಗೆ ಇನ್ನೂ ಹಿಡಿಸಿದವು. ಒಂದು, ವಸ್ತುವಿನಲ್ಲಿ ಏನಿದೆಯೋ ಅದನ್ನು ಬರೆಯಬೇಕು. ಇವತ್ತು ನಮ್ಮ ತಂತ್ರಾಂಶ ಅದರಲ್ಲಿ ಎಷ್ಟನ್ನು ಬಳಸುತ್ತದೆ ಎಂಬುದನ್ನಲ್ಲ. ಎರಡು, ವಿವರ ಪೂರ್ಣವಾಗಿರಬೇಕು. ಒಂದು ಗುಣ ಈಗ ಉಪಯೋಗಕ್ಕೆ ಬಾರದಿದ್ದರೂ ಬಿಡಬಾರದು. ಮೂರು, ಹೆಸರು ನಿರ್ದಿಷ್ಟವಾಗಿರಬೇಕು. ಹತ್ತನ್ನು ಒಂದೇ ಬಲೆಗೆ ಹಾಕುವ ಮೋಘಂ ಹೆಸರು ಕೂಡದು. ಶಾಲೆಯಲ್ಲಿ ಮಕ್ಕಳಿಗೆ ನಿಬಂಧ ಬರೆಸುವಾಗ ನಾವು ಹೇಳುವುದೂ ಇದನ್ನೇ.

ಇರಲಿ. ಉಗುರಿನಷ್ಟು ಚಿಪ್ಪಿಗೆ ಇಷ್ಟೆಲ್ಲ ಆಯಿತು. ಈಗ ನಮ್ಮ ಪಟ್ಟಿಗೆ ಬರೋಣ.

ನಮ್ಮ ದೇಶದಲ್ಲಿ ಹತ್ತು ವರ್ಷಕ್ಕೊಮ್ಮೆ ನಡೆಯುತ್ತಿದ್ದ ಜನಗಣತಿಯಲ್ಲಿ 1981ರಿಂದ ‘ಮುಖ್ಯ ಕೆಲಸಗಾರ’, ‘ಅಂಚಿನ ಕೆಲಸಗಾರ’ ಎಂಬ ವಿಂಗಡಣೆ ಬಂತು. ವರ್ಷದಲ್ಲಿ 6 ತಿಂಗಳು ಅಥವಾ ಹೆಚ್ಚು ಕೆಲಸ ಮಾಡಿದವರು ಮುಖ್ಯ, ಕಡಿಮೆ ಮಾಡಿದವರು ಅಂಚು. ಉಳಿದವರು ಕೆಲಸ ಮಾಡದವರು. 1991ರಲ್ಲಿ ಪ್ರಶ್ನೆಯೊಳಗೆ ಹೊಲ ಮತ್ತು ಮನೆಯ ಉದ್ಯಮದಲ್ಲಿ ಸಂಬಳವಿಲ್ಲದೆ ಮಾಡುವ ಕೆಲಸವೂ ಸೇರುತ್ತದೆ ಎಂದು ಸ್ಪಷ್ಟವಾಗಿ ಬರೆದರು. 2001ರಲ್ಲಿ ಮನೆಯ ಖರ್ಚಿಗೆ ಮಾತ್ರ ಹಾಲು ಕರೆದರೂ ಅದು ಕೆಲಸವೇ ಎಂದರು. ಇದು ನಮ್ಮ ಹೆಂಗಸರ ಪರವಾಗಿ ದನಿ ಎತ್ತಿದವರು ಗಳಿಸಿದ ಗೆಲುವು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನಿಯಮದ ವಿಚಿತ್ರ ನೋಡಿ. ಹಾಲು ಕರೆದರೆ ಕೆಲಸ. ಅದೇ ಹಾಲನ್ನು ಕಾಸಿ, ಆರಿಸಿ, ಮಗುವಿಗೆ ಕುಡಿಸಿದರೆ ಕೆಲಸವಲ್ಲ. ಅಡಿಗೆ, ಪಾತ್ರೆ, ಮಕ್ಕಳು, ಮುದುಕರ ಶುಶ್ರೂಷೆ, ಇವೆಲ್ಲ ಸೇರಿ ‘ಮನೆಗೆಲಸ’. ಮನೆಗೆಲಸ ಮಾಡುವವಳು ‘ಕೆಲಸ ಮಾಡದವಳು’. ಕನ್ನಡದಲ್ಲಿ ‘ಮನೆಗೆಲಸ’ ಎಂಬ ಶಬ್ದದೊಳಗೇ ಕೆಲಸ ಕೂತಿದೆ. ಸರ್ಕಾರದ ಲೆಕ್ಕಕ್ಕೆ ಮಾತ್ರ ಅದು ಕಾಣುವುದಿಲ್ಲ.

ರಾಷ್ಟ್ರೀಯ ಮಾದರಿ ಸಮೀಕ್ಷೆಯವರಲ್ಲಿ ಹೆಂಗಸರಿಗಾಗಿಯೇ ಇಟ್ಟಂತಿರುವ ಎರಡು ಸಂಕೇತಸಂಖ್ಯೆಗಳಿವೆ. 92 ಎಂದರೆ ಬರೀ ಮನೆಗೆಲಸ. 93 ಎಂದರೆ ಮನೆಗೆಲಸದ ಜೊತೆಗೆ ಕಟ್ಟಿಗೆ, ಸೊಪ್ಪು, ದನದ ಮೇವು ತರುವುದು, ಹೊಲಿಗೆ, ನೇಯ್ಗೆ ಮುಂತಾದವನ್ನು ಮನೆಯ ಬಳಕೆಗೆ ಮಾಡುವುದು. ನೋಡಿದಿರಾ, ಬಹುಕಾರ್ಯ ಸಾಧನದ ಕಪಾಟು ಇಲ್ಲಿಯೂ ಇದೆ! ಆದರೆ ಇಲ್ಲಿ ಮಕ್ಕಳನ್ನು ಅವರವರ ಸಾಲಿಗೆ ಕಳಿಸುವುದಿಲ್ಲ. ತಾಯಿಯನ್ನೂ ಮಕ್ಕಳನ್ನೂ ಒಟ್ಟಿಗೆ ಒಳಗೆ ಹಾಕಿ ಬಾಗಿಲು ಮುಚ್ಚುತ್ತಾರೆ. 92 ಆಗಲಿ 93 ಆಗಲಿ ದುಡಿಯುವವರ ಲೆಕ್ಕದ ಹೊರಗೆ. ‘ಪೂರಕ ಕೆಲಸ’ ಎಂದು ಇನ್ನೊಂದು ಕಾಲಮ್ಮಿದೆ, ನಿಜ. ಅದು ತುಂಬುವುದು ಕೇಳುವವರು ಕೆದಕಿ ಕೇಳಿದರೆ, ಹೇಳುವವರು ಬಿಡಿಸಿ ಹೇಳಿದರೆ ಮಾತ್ರ.

ನಮ್ಮ ಸೀಮೆಗೆ ಬಂದು ನೋಡಿ, ಇದು ಎಷ್ಟು ಹಾಸ್ಯಾಸ್ಪದ ಎಂದು ಗೊತ್ತಾಗುತ್ತದೆ. ಚಳಿಗಾಲದಲ್ಲಿ ಕೊನೆ ಕೊಯ್ದು ತಂದ ಹಸಿ ಅಡಿಕೆಯನ್ನು ಸುಲಿಯಲು ಸಂಜೆಯಾಗುತ್ತಲೇ ಮೆಟ್ಟುಗತ್ತಿಗಳ ಸಾಲು ಕೂರುತ್ತದೆ. ಈಗ ಕೆಲವು ಮನೆಗಳಿಗೆ ಯಂತ್ರ ಬಂದಿದೆ. ಎಲ್ಲ ಮನೆಗೂ ಬಂದಿಲ್ಲ. ಆ ಸಾಲಿನಲ್ಲಿ ಕೂಲಿಗೆ ಬಂದ ಹೆಂಗಸು ಇದ್ದಾಳೆ, ಅವಳ ಪಕ್ಕದಲ್ಲಿಯೇ ಮನೆಯ ಹೆಂಗಸೂ ಇದ್ದಾಳೆ. ಅದೇ ಅಡಿಕೆ, ಅದೇ ಕತ್ತಿ, ಅದೇ ರಾತ್ರಿ. ಮೊದಲನೆಯವಳದು ಅಳತೆಯ ಲೆಕ್ಕದ ಕೂಲಿ, ಆದ್ದರಿಂದ ಕೆಲಸ. ಎರಡನೆಯವಳು ಸುಲಿಯುವ ನಡುವೆ ಎದ್ದು ಹೋಗಿ ಎಲ್ಲರಿಗೂ ಚಹಾ ಮಾಡಿ ತರುತ್ತಾಳೆ, ಹಂಡೆಯ ಬೆಂಕಿ ನೋಡುತ್ತಾಳೆ, ಬೆಳಿಗ್ಗೆ ಬೆಂದ ಅಡಿಕೆಯನ್ನು ಒಣಗಿಸಲು ಹರಡುತ್ತಾಳೆ. ಅವಳನ್ನು ಕೇಳಿದರೆ, ‘ಎಂತದೂ ಇಲ್ಲೆ ಅಕ್ಕೋರೆ, ಮನೇಲೇ ಇರ್ತಿ’ ಎನ್ನುತ್ತಾಳೆ. ಆ ‘ಎಂತದೂ ಇಲ್ಲೆ’ ಎಂಬ ಎರಡು ಶಬ್ದಗಳಲ್ಲಿ ಒಂದು ಇಡೀ ಚಳಿಗಾಲದ ದುಡಿಮೆ ಕರಗಿ ಹೋಗುತ್ತದೆ.

ಅದೇ ಅಡಿಕೆ ಪೇಟೆಗೆ ಬಂದಾಗ ಏನಾಗುತ್ತದೆ? ಶಿರಸಿ, ಸಿದ್ದಾಪುರ, ಯಲ್ಲಾಪುರದ ವ್ಯಾಪಾರದ ಅಂಗಳಗಳಲ್ಲಿ ಅದಕ್ಕೆ ಎಷ್ಟು ಹೆಸರು! ರಾಶಿ, ಬೆಟ್ಟೆ, ತಟ್ಟಿಬೆಟ್ಟೆ, ಚಾಲಿ, ಕೆಂಪುಗೋಟು, ಬಿಳಿಗೋಟು, ಕೋಕಾ, ಅಪಿ. ಒಂದೊಂದಕ್ಕೂ ಒಂದೊಂದು ರಾಶಿ, ಒಂದೊಂದು ದರ. ಕೋಕಾ ಎಂದರೆ ಕೀಳು ಮಾಲು. ಅದಕ್ಕೂ ಸ್ವಂತ ಹೆಸರಿದೆ, ಪತ್ರಿಕೆಯಲ್ಲಿ ಸ್ವಂತ ಸಾಲಿದೆ. ಯಾವ ದಲಾಲರೂ ಎಲ್ಲವನ್ನೂ ಕಲೆಸಿ ‘ಇತರೆ ಅಡಿಕೆ’ ಎಂದು ದರ ಕಟ್ಟುವುದಿಲ್ಲ. ಕಟ್ಟಿದರೆ ನಮ್ಮ ಗಂಡಸರು ಸುಮ್ಮನಿರುವುದೂ ಇಲ್ಲ. ಅಡಿಕೆಗೆ ಎಂಟು ಹೆಸರು ಕೊಡಲು ಬರುವ ಜನಕ್ಕೆ, ಅದನ್ನು ಸುಲಿದು ಬೇಯಿಸಿ ಒಣಗಿಸಿ ಆರಿಸಿದವಳ ಎಂಟು ಕೆಲಸಗಳಿಗೆ ಹೆಸರು ಕೊಡಲು ಬರುವುದಿಲ್ಲ ಎಂದರೆ ನಂಬಬೇಕೆ?

ಇನ್ನೂ ಒಂದು ತಮಾಷೆಯನ್ನು ಹೇಳುತ್ತೇನೆ. 2001ರ ಜನಗಣತಿಯ ವ್ಯಾಖ್ಯೆಯ ಪ್ರಕಾರ ‘ಸಾಗುವಳಿದಾರ’ ಎಂಬ ಕಾಲಮ್ಮಿಗೆ ಚಹಾ, ಕಾಫಿ, ರಬ್ಬರು, ತೆಂಗು, ಅಡಿಕೆ ಬೆಳೆಯುವವರು ಸೇರುವುದಿಲ್ಲ. ಅವರು ಹೋಗುವುದು ‘ಇತರೆ ಕೆಲಸಗಾರರು’ ಎಂಬ ಸಾಲಿಗೆ. ಅಂದರೆ ತಲೆತಲಾಂತರದಿಂದ ತೋಟ ಮಾಡಿಕೊಂಡು ಬಂದ, ಹೆಗಲ ಮೇಲೆ ಶಾಲು ಹೊದ್ದು ಕೂರುವ ನಮ್ಮ ಯಜಮಾನರುಗಳೇ ಆ ಲೆಕ್ಕದಲ್ಲಿ ‘ಇತರೆ’! ಈ ವಿಷಯ ಹೇಳಿದಾಗ ಅವರ ಮುಖ ಹುಳ್ಳಗಾಗುವುದನ್ನು ನಾನು ನೋಡಿದ್ದೇನೆ. ಒಂದು ಕ್ಷಣ ಅಟ್ಟ ಏರಿದ್ದಕ್ಕೇ ಇಷ್ಟು ಬೇಸರವಾದರೆ, ಜನ್ಮವಿಡೀ ಅಲ್ಲಿಯೇ ಇದ್ದವರಿಗೆ ಹೇಗಾಗಬೇಕು?

ಬಹುಕೆಲಸದ ವಸ್ತುವನ್ನು ಸರಿಯಾಗಿ ಬರೆಯಲು ಸರ್ಕಾರಕ್ಕೆ ಬರುವುದಿಲ್ಲ ಎಂದೂ ಹೇಳುವಂತಿಲ್ಲ. ನಮ್ಮ ಸೊಪ್ಪಿನ ಬೆಟ್ಟವನ್ನು ನೋಡಿ. 1862ರಲ್ಲಿ ಈ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಹೋಯಿತು. ಆ ಕಾಲದ ಬ್ರಿಟಿಷ್ ಅಧಿಕಾರಿಗಳಿಗೂ ಬೆಟ್ಟ ಎಂಬುದು ದೊಡ್ಡ ಒಗಟಾಗಿತ್ತು. ಅದು ಕಾಡೋ, ತೋಟದ ಭಾಗವೋ? ಮರ ಸರ್ಕಾರದ್ದು, ಸೊಪ್ಪು ದರಕು ತೋಟಿಗನದು, ದನ ಮೇಯುವುದೂ ಅಲ್ಲಿಯೇ. ಆದರೂ ಅವರು ‘ಇತರೆ ಭೂಮಿ’ ಎಂದು ಬಿಡಲಿಲ್ಲ. ಅರಣ್ಯವೂ ಹೌದು, ತೋಟದ ಹಕ್ಕೂ ಹೌದು ಎಂದು ಎರಡನ್ನೂ ಬರೆದುಕೊಂಡರು. ನೆಲಕ್ಕೆ ಸಾಧ್ಯವಾದದ್ದು, ಆ ನೆಲದಿಂದ ದಿನವೂ ಸೊಪ್ಪಿನ ಹೊರೆ ಹೊತ್ತು ತಂದವಳಿಗೆ ಸಾಧ್ಯವಾಗಲಿಲ್ಲ.

ಯಲ್ಲಾಪುರದ ಕಾಡಂಚಿನ ಒಬ್ಬ ಸಿದ್ದಿ ಹೆಂಗಸಿನ ವರ್ಷವನ್ನು ಎಣಿಸಿ. ಬೇಸಿಗೆಯಲ್ಲಿ ಮುರುಗಲು ಹಣ್ಣು, ಮಳೆ ಹಿಡಿದ ಮೇಲೆ ಉಪ್ಪಾಗೆ, ಗದ್ದೆಯಲ್ಲಿ ನಾಟಿ, ಚಳಿಯಲ್ಲಿ ಅಡಿಕೆ ಸುಲಿಯುವುದು, ಬಿಡುವಾದಾಗ ಹಳೆಯ ಬಟ್ಟೆ ಕೂಡಿಸಿ ಕವದಿ ಹೊಲಿಯುವುದು. ಒಂದೊಂದೂ ಎರಡು ಮೂರು ತಿಂಗಳ ಕೆಲಸ. ಕೂಡಿಸಿದರೆ ವರ್ಷ ತುಂಬಿ ಚೆಲ್ಲುತ್ತದೆ. ಆದರೆ ಕೂಡಿಸಿ ಕೇಳುವವರು ಅಪರೂಪ. ಕೇಳಿದರೂ ಕೊನೆಗೆ ಬರೆಯುವುದು ಒಂದೇ ಹೆಸರು, ಬಹುಶಃ ‘ಕೃಷಿ ಕೂಲಿ’. ಉಳಿದ ನಾಲ್ಕು ಕೆಲಸಗಳು ಕಾಗದದ ಅಂಚಿನಿಂದ ಕೆಳಗೆ ಬೀಳುತ್ತವೆ. ಅವಳು ಕಾಡಿನ ಹಣ್ಣು ಒಣಗಿಸುವ ಕಸುಬಿನವಳೂ ಹೌದು ಎಂದು ಎಲ್ಲಿಯೂ ಬರೆಯದಿದ್ದ ಮೇಲೆ, ಆ ಕಸುಬಿಗೆ ಒಂದು ಒಣಗಿಸುವ ಮನೆಯೋ, ಸಾಲವೋ, ತರಬೇತಿಯೋ ಎಲ್ಲಿಂದ ಬಂದೀತು?

‘ಬರೆದರೆಷ್ಟು ಬಿಟ್ಟರೆಷ್ಟು, ಕಾಗದ ತಾನೆ’ ಎನ್ನುವವರಿಗೆ ಒಂದು ಮಾತು. ಕಾಗದದ ಬೆಲೆ ಗೊತ್ತಾಗುವುದು ಕಷ್ಟ ಬಂದಾಗ. ರಸ್ತೆ ಅಪಘಾತದಲ್ಲಿ ಗೃಹಿಣಿಯೊಬ್ಬಳು ಸತ್ತರೆ ಅವಳ ಮನೆಯವರಿಗೆ ಪರಿಹಾರ ಎಷ್ಟು? 1988ರ ಮೋಟಾರು ವಾಹನ ಕಾಯಿದೆಗೆ ಹಿಂದೆ ಇದ್ದ ಒಂದು ಅನುಸೂಚಿಯಲ್ಲಿ ಸಂಪಾದನೆಯಿಲ್ಲದ ಪತ್ನಿಯ ಆದಾಯವನ್ನು ಗಂಡನ ಆದಾಯದ ಮೂರನೆಯ ಒಂದು ಭಾಗ ಎಂದು ಹಿಡಿಯುವ ಕ್ರಮವಿತ್ತು. ಅಂದರೆ ಇಬ್ಬರು ಹೆಂಗಸರು ಒಂದೇ ರೀತಿಯಲ್ಲಿ ಮನೆ ನಡೆಸಿದರೂ, ಅಧಿಕಾರಿಯ ಹೆಂಡತಿಯ ಅಡಿಗೆಗೆ ಬೆಲೆ ಹೆಚ್ಚು, ಜವಾನನ ಹೆಂಡತಿಯ ಅಡಿಗೆಗೆ ಕಡಿಮೆ. 1989ರಲ್ಲಿ ಜಮ್ಶೆಡ್‌ಪುರದಲ್ಲಿ ಬೆಂಕಿ ಅನಾಹುತವಾಗಿ ಅನೇಕ ಹೆಂಗಸರು, ಮಕ್ಕಳು ಸತ್ತರು. ಆ ಪ್ರಕರಣದಲ್ಲಿ 2001ರಲ್ಲಿ ಸುಪ್ರೀಂ ಕೋರ್ಟು ಗೃಹಿಣಿಯರ ಸೇವೆಗೆ ತಿಂಗಳಿಗೆ 3,000 ರೂಪಾಯಿ ಎಂದು ಲೆಕ್ಕ ಹಿಡಿಯಿತು.

2010ರ ಜುಲೈಯಲ್ಲಿ ಇನ್ನೊಂದು ಅಪಘಾತದ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಎ.ಕೆ. ಗಂಗೂಲಿ ಅವರು ನೇರವಾಗಿ ಜನಗಣತಿಯ ಕಾಲಮ್ಮಿಗೇ ಕೈ ಹಾಕಿದರು. 2001ರ ಗಣತಿಯಲ್ಲಿ ಅಡಿಗೆ ಮಾಡುವ, ಪಾತ್ರೆ ತೊಳೆಯುವ, ಮಕ್ಕಳನ್ನು ನೋಡಿಕೊಳ್ಳುವ, ನೀರು ಕಟ್ಟಿಗೆ ತರುವ ಸುಮಾರು 36 ಕೋಟಿ ಹೆಂಗಸರನ್ನು ಕೆಲಸ ಮಾಡದವರೆಂದು ಬರೆದು, ಭಿಕ್ಷುಕರು, ವೇಶ್ಯೆಯರು, ಕೈದಿಗಳ ಸಾಲಿನಲ್ಲಿ ಕೂರಿಸಲಾಗಿದೆ ಎಂದು ಅವರು ಕಟುವಾಗಿ ಆಕ್ಷೇಪಿಸಿದರು. ಓದಿದಾಗ ನನಗೆ ಸಿಟ್ಟು ಬಂತು. ಅದು ಆ ಸಾಲಿನ ಉಳಿದವರ ಮೇಲಿನ ಸಿಟ್ಟಲ್ಲ, ಅವರದ್ದೂ ಅಟ್ಟ ಏರಿಸಿದ ಬಾಳೇ. ಸಿಟ್ಟು ಅಟ್ಟ ಕಟ್ಟಿದವರ ಮೇಲೆ. 2021ರ ಜನವರಿಯಲ್ಲಿ ನ್ಯಾಯಮೂರ್ತಿ ಎನ್.ವಿ. ರಮಣ ಅವರು ಮತ್ತೆ ಇದೇ ವಿಷಯ ಎತ್ತಿ, 2011ರ ಗಣತಿಯಲ್ಲಿ ಸುಮಾರು 16 ಕೋಟಿ ಹೆಂಗಸರು ಮನೆಗೆಲಸವೇ ತಮ್ಮ ಮುಖ್ಯ ಉದ್ಯೋಗ ಎಂದಿದ್ದಾರೆ, ಗಂಡಸರು 58 ಲಕ್ಷದಷ್ಟು ಮಾತ್ರ ಎಂದು ನೆನಪಿಸಿದರು. ನ್ಯಾಯಾಲಯಗಳು ಹೀಗೆ ಒಂದೊಂದೇ ಹೆಣದ ಮುಂದೆ ನಿಂತು ಬೆಲೆ ಕಟ್ಟಬೇಕೇ? ಬದುಕಿದ್ದಾಗಲೇ ಬರೆದಿಟ್ಟುಕೊಳ್ಳಬಾರದೇ?

ನನ್ನ ತಾಯಿ ತೀರಿಕೊಂಡಾಗ ಒಂದು ಕಚೇರಿಯ ನಮೂನೆಯಲ್ಲಿ ‘ಉದ್ಯೋಗ’ ಎಂಬ ಜಾಗಕ್ಕೆ ಅಲ್ಲಿಯ ಗುಮಾಸ್ತ ಕೇಳದೆಯೇ ‘ಇಲ್ಲ’ ಎಂದು ಬರೆದ. ಆರು ದಶಕ ಕೊಟ್ಟಿಗೆ, ತೋಟ, ಅಡಿಗೆ, ಬಾಣಂತನ, ಉಪ್ಪಿನಕಾಯಿ ಎಂದು ದುಡಿದವಳ ಬಾಳಿನ ಕೊನೆಯ ಸರ್ಕಾರಿ ಷರಾ ಅದು. ನಾನು ‘ಕೃಷಿ’ ಎಂದು ಬರೆಯಿರಿ ಎಂದೆ. ‘ಪಹಣಿಯಲ್ಲಿ ಹೆಸರಿದೆಯೇ ಮೇಡಂ?’ ಎಂದು ಕೇಳಿದ. ಹೆಸರು ಇರಲಿಲ್ಲ. ಒಂದು ಪಟ್ಟಿಯಲ್ಲಿ ಇಲ್ಲದವಳು ಇನ್ನೊಂದು ಪಟ್ಟಿಯಲ್ಲಿಯೂ ಇರಕೂಡದು; ಇದು ಅವರ ತರ್ಕ.

ಸಂಬಳ ತರುವ ನಮ್ಮ ಗತಿಯೂ ಭಿನ್ನವಲ್ಲ. ನನ್ನನ್ನು ‘ಶಿಕ್ಷಕಿ’ ಎಂದು ಮರ್ಯಾದೆಯ ಸಾಲಿನಲ್ಲಿ ಬರೆಯುತ್ತಾರೆ, ಸಂತೋಷ. ಶಾಲೆಗೆ ಹೊರಡುವ ಮುಂಚಿನ ಮೂರು ತಾಸು, ಬಂದ ಮೇಲಿನ ಮೂರು ತಾಸು ಯಾವ ಸಾಲಿನಲ್ಲಿ? ಅಂಗನವಾಡಿಯ ಅಕ್ಕಂದಿರ ವಿಷಯ ಇನ್ನೂ ಕೆಟ್ಟದ್ದು. 1975ರಿಂದ ಮಕ್ಕಳಿಗೆ ಕಲಿಸಿ, ಉಣಿಸಿ, ತೂಗಿ, ಗರ್ಭಿಣಿಯರ ಮನೆಗೆ ತಿರುಗಿ, ಸಮೀಕ್ಷೆಗಳನ್ನೂ ಮಾಡಿಕೊಟ್ಟವರಿಗೆ ಸಿಕ್ಕಿದ್ದು ಸಂಬಳವಲ್ಲ, ‘ಗೌರವಧನ’. ಅವರು ಸರ್ಕಾರಿ ಹುದ್ದೆಯವರಲ್ಲ ಎಂದು ನಮ್ಮ ಕರ್ನಾಟಕ ಸರ್ಕಾರವೇ ಕಕ್ಷಿಯಾಗಿದ್ದ ಮೊಕದ್ದಮೆಯಲ್ಲಿ 2006ರಲ್ಲಿ ತೀರ್ಪಾಯಿತು. 2022ರ ಏಪ್ರಿಲ್‌ನಲ್ಲಿ ಗುಜರಾತಿನ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟು ಅವರು ಗ್ರಾಚ್ಯುಟಿಗೆ ಅರ್ಹರು ಎಂದಿತು. ನಡುವಿನ 16 ವರ್ಷಗಳಲ್ಲಿ ಅವರು ಮಾಡುವ ಕೆಲಸದ ಸ್ವರೂಪ ಬದಲಾಗಲಿಲ್ಲ. ಅದನ್ನು ಕರೆಯುವ ಹೆಸರು ಬದಲಾಯಿತು, ಹೆಸರಿನ ಬೆನ್ನಿಗೆ ಹಕ್ಕು ಬಂತು. ಹೆಸರಿಗೆ ಇಷ್ಟು ಬಲ.

ನನ್ನ ಮಾತಿಗೆ ಬರುವ ಆಕ್ಷೇಪಗಳು ನನಗೆ ಬಾಯಿಪಾಠವಾಗಿವೆ. ‘ಅಮ್ಮನ ಪ್ರೀತಿಗೆ ರೇಟು ಕಟ್ಟುತ್ತೀರಾ?’ ಎನ್ನುತ್ತಾರೆ. ಇಲ್ಲಪ್ಪ, ಪ್ರೀತಿಗೆ ಕಟ್ಟುವುದಿಲ್ಲ. ಪ್ರೀತಿ ಇದ್ದವಳಿಗೂ ಸೊಂಟ ನೋಯುತ್ತದೆ. ನಾನು ಬರೆಯಿರಿ ಎನ್ನುವುದು ಆ ಸೊಂಟದ ಲೆಕ್ಕವನ್ನು. ಮಾಸ್ತರರಿಗೂ ಮಕ್ಕಳ ಮೇಲೆ ಪ್ರೀತಿಯಿರುತ್ತದೆ, ಹಾಗೆಂದು ಅವರ ಸಂಬಳದ ಬಿಲ್ಲು ನಿಲ್ಲಿಸುತ್ತಾರೆಯೇ?

‘ಮನುಷ್ಯರನ್ನು ಚಿಪ್ಪಿಗೆ ಹೋಲಿಸುತ್ತೀರಾ?’ ಎನ್ನುತ್ತಾರೆ ಇನ್ನು ಕೆಲವರು. ಹೋಲಿಸುತ್ತಿರುವುದು ಹೆಂಗಸನ್ನಲ್ಲ, ಬರೆಯುವ ಶ್ರದ್ಧೆಯನ್ನು. ಜಡವಸ್ತುವಿಗೆ ತೋರಿದ ಶ್ರದ್ಧೆಯ ಅರ್ಧದಷ್ಟನ್ನು ನಮಗೂ ತೋರಿ ಎಂಬುದಷ್ಟೇ ಬೇಡಿಕೆ.

‘ಇಷ್ಟೆಲ್ಲ ಕೇಳುತ್ತಾ ಕೂತರೆ ಗಣತಿ ಮುಗಿಯುವುದು ಯಾವಾಗ?’ ಎಂಬುದು ಮೂರನೆಯದು. ಕೇಳಲು ಸಾಧ್ಯವೆಂದು ಕೇಂದ್ರ ಸರ್ಕಾರವೇ ತೋರಿಸಿದೆ. ದಿನದ 24 ತಾಸನ್ನು ಜನ ಹೇಗೆ ಕಳೆಯುತ್ತಾರೆ ಎಂದು 2019ರಲ್ಲಿ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆ ನಡೆಯಿತು. ಅದರಲ್ಲಿ ಒಬ್ಬರು ಒಂದೇ ಹೊತ್ತಿನಲ್ಲಿ ಎರಡು ಕೆಲಸ ಮಾಡಿದರೆ ಅದನ್ನೂ ಬರೆಯಲು ಜಾಗವಿತ್ತು. ಮನೆಯವರಿಗಾಗಿ ಕೂಲಿಯಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲಿ ಕಳೆಯುತ್ತಾರೆ, ಹಾಗೆ ಮಾಡುವ ಗಂಡಸರು 97 ನಿಮಿಷ ಎಂದು ತಿಳಿಯಿತು. 2024ರಲ್ಲಿ ಮತ್ತೆ ಕೇಳಿದರು. ಹೆಂಗಸರದು 289 ಆಗಿತ್ತು, ಗಂಡಸರದು 88. ಐದು ವರ್ಷದಲ್ಲಿ ನಮ್ಮದು ಹತ್ತು ನಿಮಿಷ ಕಡಿಮೆಯಾದದ್ದು ಕುಕ್ಕರು ಮಿಕ್ಸಿಗಳ ದಯೆಯಿರಬಹುದು. ಗಂಡಸರದ್ದೂ ಇಳಿದಿದೆಯಾದ್ದರಿಂದ ಅವರ ದಯೆಯಂತೂ ಅಲ್ಲ. ಅದಿರಲಿ, ಮಾದರಿ ಮನೆಗಳಲ್ಲಿ ನಿಮಿಷ ನಿಮಿಷದ ಲೆಕ್ಕ ಕೇಳಲು ಬರುವವರಿಗೆ, ಗಣತಿಯಲ್ಲಿ ಕೆಲಸಕ್ಕೆ ಇನ್ನೆರಡು ಮೂರು ಸಾಲು ಸೇರಿಸುವುದು ಅಸಾಧ್ಯವೇ?

ಒಂದು ಕಾಲಮ್ಮು ಬದಲಾದರೆ ಏನಾಗುತ್ತದೆ ಎಂದು ಕರ್ನಾಟಕದವರಿಗೆ ಬೇರೆ ಹೇಳಬೇಕಿಲ್ಲ. 2013ರ ಆಹಾರ ಭದ್ರತಾ ಕಾಯಿದೆ, ಮನೆಯ 18 ದಾಟಿದ ಹೆಂಗಸರಲ್ಲಿ ಹಿರಿಯಳೇ ಪಡಿತರ ಚೀಟಿಗೆ ಯಜಮಾನಿ ಎಂದು ಬರೆಯಿಸಿತು. ಆಗ ಅನೇಕರು ‘ಹೆಸರಿಗೆ ಯಜಮಾನಿ’ ಎಂದು ನಕ್ಕಿದ್ದರು. 2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿ ಬಂದಾಗ, ಚೀಟಿಯಲ್ಲಿ ಯಜಮಾನಿ ಎಂದು ಹೆಸರಿದ್ದವಳ ಖಾತೆಗೇ ಬಂತು. ನಕ್ಕವರೇ ಹೆಂಡತಿಯ ಹೆಸರು ಸರಿಪಡಿಸಲು ಸಾಲಿನಲ್ಲಿ ನಿಂತರು.

ಆದ್ದರಿಂದ ನನ್ನ ಬೇಡಿಕೆಗಳು ಆಕಾಶದ್ದಲ್ಲ. ಹೆಂಗಸಿನ ಕೆಲಸವನ್ನು ಜಗಲಿಯಲ್ಲಿ ಕೂತ ಯಜಮಾನನನ್ನು ಕೇಳಬೇಡಿ, ಒಳಗೆ ಹೋಗಿ ಅವಳನ್ನೇ ಕೇಳಿ. ‘ಏನು ಮಾಡುತ್ತೀರಿ?’ ಎಂದು ಒಟ್ಟಾಗಿ ಕೇಳಬೇಡಿ. ಅಡಿಕೆ ಸುಲಿಯುತ್ತೀರಾ, ಹಾಲು ಕರೆಯುತ್ತೀರಾ, ಸೊಪ್ಪು ತರುತ್ತೀರಾ, ಹೊಲಿಯುತ್ತೀರಾ, ಅಂಗಡಿಯ ಗಲ್ಲಾದಲ್ಲಿ ಕೂರುತ್ತೀರಾ, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತೀರಾ ಎಂದು ಬಿಡಿ ಬಿಡಿಯಾಗಿ ಕೇಳಿ. ಬಂದ ಉತ್ತರಗಳಲ್ಲಿ ಒಂದನ್ನು ಆರಿಸಿ ಉಳಿದದ್ದನ್ನು ಎಸೆಯಬೇಡಿ. ವ್ಯಕ್ತಿ ಒಬ್ಬಳೇ ಇರಲಿ, ಅವಳ ಒಂದೊಂದು ಕೆಲಸವೂ ಅದರದರ ಸಾಲಿಗೆ ಹೋಗಲಿ. ಮನೆಗೆಲಸಕ್ಕೂ ದುಡಿಮೆಯ ಪಟ್ಟಿಯೊಳಗೇ ಒಂದು ಸಾಲು ಇರಲಿ.

2021ರಲ್ಲಿ ಆಗಬೇಕಿದ್ದ ಗಣತಿ ಮುಂದೆ ಹೋಗಿ, 2025ರ ಜೂನ್‌ನಲ್ಲಿ ಹೊರಟ ಅಧಿಸೂಚನೆಯಲ್ಲಿ 2027ರ ಮಾರ್ಚ್ 1 ಅದರ ಆಧಾರ ದಿನವೆಂದು ನಿಗದಿಯಾಗಿದೆ. ಈ ಸಲ ಕಾಗದದ ಬದಲು ಮೊಬೈಲು. ಬೇಕಾದವರು ತಮ್ಮ ವಿವರ ತಾವೇ ತುಂಬಬಹುದಂತೆ. ನಮೂನೆಯನ್ನು ಸರ್ಕಾರ ಬದಲಿಸುವ ತನಕ ನಮ್ಮ ಕೈಯಲ್ಲಿರುವುದನ್ನು ನಾವು ಮಾಡಬಹುದಲ್ಲ. ಇದನ್ನು ಓದುತ್ತಿರುವ ನೀವು ಪೇಟೆಯಲ್ಲಿದ್ದೀರಿ, ತೋಟವಿಲ್ಲದಿರಬಹುದು. ಆದರೆ ನಿಮ್ಮಲ್ಲಿ ಒಬ್ಬರು ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಕೊಡುತ್ತೀರಿ, ಒಬ್ಬರು ಮನೆಪಾಠ ಹೇಳುತ್ತೀರಿ, ಒಬ್ಬರು ಗಂಡನ ಅಂಗಡಿಯ ಲೆಕ್ಕ ಬರೆಯುತ್ತೀರಿ, ಒಬ್ಬರು ರವಿಕೆ ಹೊಲಿಯುತ್ತೀರಿ. ಹಾಲಿನ ನಿಯಮ, ಸಂಬಳವಿಲ್ಲದ ಕುಟುಂಬದ ಉದ್ಯಮದ ನಿಯಮ ಆಗಲೇ ಪುಸ್ತಕದಲ್ಲಿವೆ. ನಾವು ಬಾಯಿ ಬಿಡದಿದ್ದರೆ ಪುಸ್ತಕ ತಾನಾಗಿ ಬಾಯಿ ಬಿಡುವುದಿಲ್ಲ.

ಅಕ್ಕತಂಗಿಯರೇ, ಬಾಗಿಲಿಗೆ ಬಂದವರು ‘ನಿಮ್ಮ ಉದ್ಯೋಗ?’ ಎಂದು ಕೇಳಿದಾಗ ‘ಎಂತದೂ ಇಲ್ಲೆ’ ಎಂಬ ಮಾತನ್ನು ನಾಲಿಗೆಯಿಂದ ಕಿತ್ತು ಹಾಕಿ. ಒಂದೊಂದಾಗಿ ಹೇಳಿ, ನಿಧಾನವಾಗಿ ಹೇಳಿ, ಅವರು ಬರೆದುಕೊಳ್ಳುವ ತನಕ ಹೇಳಿ. ಬರೆಯುವವರಿಗೆ ಬೇಸರ ಬಂದರೆ ಬರಲಿ. ಹತ್ತು ಕೆಲಸ ಮಾಡಲು ನಮಗೆ ಬೇಸರವಿಲ್ಲವೆಂದ ಮೇಲೆ, ಹತ್ತು ಸಾಲು ಬರೆಯಲು ಅವರಿಗೆ ಯಾಕೆ ಬೇಸರ?